ಗಂಗಾಮೂಲದ ಮಗಳು, ಕೇಡಗಾಂವ್‌ನ ತಾಯಿ



ಮುಂಬೈ, ಪುಣೆಗಳಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಸೊಲ್ಲಾಪುರ, ಕಲಬುರಗಿ, ರಾಯಚೂರಿನ ಮೇಲೆ ಊರಿಗೆ ಹೋಗಿಬರುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗೆ ಇದ್ದೇ ಇರುತ್ತದೆ. ಪುಣೆ ಬಿಟ್ಟು ಸುಮಾರು 55 ಕಿಲೋಮೀಟರ್ ಆದಮೇಲೆ, ದೌಂಡ್ ಜಂಕ್ಷನ್ ಬರುವ ಮೊದಲು, ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಹಿಂದೆ ಸರಿಯುತ್ತದೆ. ಹೆಸರು ಕೇಳಿ ನಮ್ಮ ಕನ್ನಡದ ‘ಕೇಡು’ ಎಂದುಕೊಳ್ಳಬೇಡಿ. ಕೇಡಿಗೆ ಸಿಕ್ಕಿದ್ದ ಸಾವಿರಾರು ಹೆಣ್ಣುಮಕ್ಕಳು ಬದುಕಿ ಉಳಿದ ಜಾಗ ಅದು. 1897ರಲ್ಲಿ ಅಲ್ಲಿ ಹೊಲದ ನಡುವೆ ಗುಡಿಸಲು ಹಾಕಿ, ಮುಂದೆ ‘ಮುಕ್ತಿ’ ಎಂದು ಹೆಸರಾದ ಆಶ್ರಮವನ್ನು ಕಟ್ಟಿದವರು ಪಂಡಿತಾ ರಮಾಬಾಯಿ. ಮಹಾರಾಷ್ಟ್ರದ ಶಾಲಾ ಮಕ್ಕಳಿಗೂ ಗೊತ್ತಿರುವ ಹೆಸರು. ಆದರೆ ಆಕೆ ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ, ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲದಲ್ಲಿ ಎಂಬುದು ಕನ್ನಡಿಗರಲ್ಲಿ ಎಷ್ಟು ಜನರಿಗೆ ನೆನಪಿದೆ?

ಕ್ರೈಸ್ತರ ಸೇವೆ ಎಂದಕೂಡಲೇ ನಮ್ಮವರು ನೆನೆಯುವುದು ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧ ಕೊಡಲು ಕುಳಿತ ಫಾದರ್ ಮುಲ್ಲರ್ ಅವರನ್ನು, ಇಲ್ಲವೇ ನಿಘಂಟಿನ ಕಿಟ್ಟೆಲ್ ಅವರನ್ನು. ಇಬ್ಬರೂ ದೊಡ್ಡವರೇ. ಆದರೆ ಅವರು ಹುಟ್ಟಿನಿಂದ ಬಂದ ಧರ್ಮದ ಕರೆಗೆ ಓಗೊಟ್ಟು ಹೊರಗಿನಿಂದ ಬಂದವರು. ರಮಾಬಾಯಿ ಇಲ್ಲಿಯವರೇ ಆಗಿ, ಸೇವೆಯನ್ನು ಮೊದಲು ಕಣ್ಣಾರೆ ಕಂಡು ಆಮೇಲೆ ಆ ಧರ್ಮಕ್ಕೆ ಹೋದವರು. ಹಾಗೆ ಹೋದ ಮೇಲೂ ತಮ್ಮ ಬುದ್ಧಿಯನ್ನು ಯಾರ ಕೈಗೂ ಒಪ್ಪಿಸದೆ ಉಳಿದವರು. ತ್ಯಾಗ ಎಂದರೆ ತಲೆಬಾಗುವುದು ಎಂದು ನಂಬಿರುವ ನಮಗೆ ಆಕೆಯ ಕಥೆ ಸ್ವಲ್ಪ ಗಲಿಬಿಲಿ ಉಂಟುಮಾಡುತ್ತದೆ. ಅದಕ್ಕಾಗಿಯೇ ಇಲ್ಲಿ ಹೇಳುತ್ತಿದ್ದೇನೆ.

ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ಪಂಡಿತರು. ಪುಣೆಯಲ್ಲಿ ಓದುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಪತ್ನಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡಿದ್ದರು. ತಾವೂ ಹೆಂಡತಿಗೆ ಕಲಿಸಬೇಕೆಂದು ಹಟ ಹಿಡಿದರು. ಊರು ಎದುರು ನಿಂತಿತು. ಉಡುಪಿಯ ಪಂಡಿತರ ಸಭೆಯ ಮುಂದೆ ನಿಂತು ಶಾಸ್ತ್ರಾಧಾರಗಳನ್ನು ಕೊಟ್ಟು ವಾದಿಸಿದರು. ಕೊನೆಗೆ ಜಗಳವೇ ಬೇಡವೆಂದು ಹೆಂಡತಿ ಲಕ್ಷ್ಮೀಬಾಯಿಯೊಡನೆ ಗಂಗಾಮೂಲದ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲೇ. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕೈಯಲ್ಲಿದ್ದ ಹಣ ಕರಗಿ ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿ ಘಟ್ಟ ಇಳಿಸಿದರು. ಆ ಯಾತ್ರೆ ವರ್ಷಗಟ್ಟಲೆ ನಿಲ್ಲಲೇ ಇಲ್ಲ. ಊರಿಂದೂರಿಗೆ ಪುರಾಣ ಓದಿ, ಸಿಕ್ಕ ದಕ್ಷಿಣೆಯಲ್ಲಿ ಬದುಕು. ಹುಡುಗಿಗೆ ಪಾಠ ಹೇಳಿದವರು ತಾಯಿ. ಮನೆಮಾತು ಮರಾಠಿ. ಕನ್ನಡ, ಹಿಂದೂಸ್ತಾನಿ, ಬಂಗಾಳಿ ಎಲ್ಲ ದಾರಿಯಲ್ಲಿ ಸೇರಿಕೊಂಡವು.

1870ರ ದಶಕದ ಕ್ಷಾಮ ಈ ಸಂಸಾರವನ್ನು ನುಂಗಿತು. ಪುರಾಣ ಕೇಳಲು ಯಾರ ಹೊಟ್ಟೆಯಲ್ಲೂ ಕೂಳಿರಲಿಲ್ಲ. ಕೂಲಿ ಮಾಡಲು ಗೊತ್ತಿಲ್ಲ, ಬೇಡಲು ಬಾಯಿ ಬಾರದು. ಇದ್ದಬದ್ದ ಪಾತ್ರೆ, ಬಟ್ಟೆ ಮಾರಿದರು, ಕಾಡಿಗೆ ಹೋದರು, ನೀರು ಕುಡಿದು ಎಲೆ ತಿಂದರು. ಕೆಲವೇ ತಿಂಗಳ ಅಂತರದಲ್ಲಿ ತಂದೆ, ತಾಯಿ, ಅಕ್ಕ ಮೂವರೂ ಹೋದರು. ಸಾಯುತ್ತಿದ್ದ ತಾಯಿಗಾಗಿ ಒಂದು ಮನೆಯ ಮುಂದೆ ನಿಂತು ರೊಟ್ಟಿ ಬೇಡಲು ಹೋದ ರಮಾಗೆ ಮಾತೇ ಹೊರಡಲಿಲ್ಲ. ತಾಯಿಯ ಶವ ಹೊರಲು ಸಾಕಷ್ಟು ಜನ ಸಿಗಲಿಲ್ಲ. ಅಣ್ಣನ ಜೊತೆ ರಮಾ ಹೆಗಲು ಕೊಟ್ಟಳು. ಎತ್ತರ ಸಾಲದೆ ತಲೆಯ ಮೇಲೆ ಹೊತ್ತಳು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಓದುಗರೇ, ಈ ಹಸಿವನ್ನು ನೆನಪಿಟ್ಟುಕೊಳ್ಳಿ. ಇಪ್ಪತ್ತು ವರ್ಷದ ಮೇಲೆ ಕೇಡಗಾಂವ್‌ನಲ್ಲಿ ಆಗಿದ್ದಕ್ಕೆಲ್ಲ ಬೇರು ಇಲ್ಲಿದೆ.

ಉಳಿದ ಅಣ್ಣ ತಂಗಿ ಸಾವಿರಾರು ಮೈಲಿ ನಡೆದು 1878ರಲ್ಲಿ ಕಲ್ಕತ್ತೆ ಮುಟ್ಟಿದರು. ಇಪ್ಪತ್ತು ವರ್ಷದ ಹುಡುಗಿ ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟರು. ಅಣ್ಣ 1880ರಲ್ಲಿ ತೀರಿಕೊಂಡ. ಅದೇ ವರ್ಷ ರಮಾಬಾಯಿ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ಮದುವೆಯಾದರು. ಮರುವರ್ಷ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಕಾಲರಾ ಗಂಡನನ್ನು ಒಯ್ದಿತು. ಇಪ್ಪತ್ತಮೂರರ ವಿಧವೆ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ಹೇಳಿ ಹೆಣ್ಣುಮಕ್ಕಳಿಗೆ ವೈದ್ಯ ವಿದ್ಯೆ ಬೇಕೆಂದರು. ತಾವೇ ಡಾಕ್ಟರಾಗುವ ಆಸೆಯಿಂದ, ‘ಸ್ತ್ರೀ ಧರ್ಮ ನೀತಿ’ ಎಂಬ ತಮ್ಮ ಮರಾಠಿ ಪುಸ್ತಕದಿಂದ ಬಂದ ಹಣ ಕೂಡಿಸಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು.

ಅಲ್ಲಿ ಇಳಿದುಕೊಂಡದ್ದು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸಿಸ್ಟರ್‌ಗಳ ಮಠದಲ್ಲಿ. ಕಿವಿ ಮಂದವಾಗುತ್ತಿದ್ದುದರಿಂದ ಡಾಕ್ಟರಾಗುವ ಆಸೆ ಮುರಿಯಿತು. ಆದರೆ ಇನ್ನೊಂದು ಸಂಗತಿ ನಡೆಯಿತು. ಆ ಮಠದ ಸಿಸ್ಟರ್‌ಗಳು ಲಂಡನ್ನಿನ ಫುಲ್‌ಹ್ಯಾಂನಲ್ಲಿ ಒಂದು ಮನೆ ನಡೆಸುತ್ತಿದ್ದರು. ಬೀದಿಗೆ ಬಿದ್ದ, ಸಮಾಜ ‘ಕೆಟ್ಟವಳು’ ಎಂದು ದೂಡಿದ ಹೆಂಗಸರಿಗೆ ಆ ಮನೆ. ರಮಾಬಾಯಿ ಕೆಲವು ದಿನ ಅಲ್ಲಿದ್ದರು. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಈ ಹೆಂಗಸರ ಜೊತೆ ಕೂತು ಉಣ್ಣುತ್ತಾರೆ, ಕಾಯಿಲೆ ಬಿದ್ದರೆ ಶುಶ್ರೂಷೆ ಮಾಡುತ್ತಾರೆ, ಹೀಗಳೆಯುವುದಿಲ್ಲ. ಭಾಗವತವನ್ನು ಬಾಯಲ್ಲೇ ಒಪ್ಪಿಸಬಲ್ಲ ಪಂಡಿತೆಗೆ ಇದು ತಿಳಿಯದ ವಿಷಯವಾಗಿತ್ತು. ತನಗೆ ಗೊತ್ತಿದ್ದ ಧರ್ಮಶಾಸ್ತ್ರದಲ್ಲಿ ಇಂಥವರಿಗೆ ಶಿಕ್ಷೆ ಇತ್ತೇ ಹೊರತು ಕರುಣೆ ಎಲ್ಲೂ ಕಂಡಿರಲಿಲ್ಲ ಎಂದು ಆಕೆ ಮುಂದೆ ಬರೆದುಕೊಂಡಿದ್ದಾರೆ. ಇವರು ಹೀಗೇಕೆ ಮಾಡುತ್ತಾರೆ ಎಂದು ಕೇಳಿಯೇಬಿಟ್ಟರು. ಉತ್ತರವಾಗಿ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯಿಂದ ಸಮಾರ್ಯದ ಹೆಂಗಸಿನ ಕಥೆ ಓದಿದರು. ಯೆಹೂದ್ಯರು ದೂರ ಇಟ್ಟಿದ್ದ ಕುಲದವಳು, ಐದು ಗಂಡಂದಿರನ್ನು ಕಂಡವಳು. ಬಿಸಿಲಲ್ಲಿ ಬಾವಿಯ ಹತ್ತಿರ ಕುಳಿತ ಯೇಸು ಅವಳ ಕೈಯ ನೀರು ಕೇಳುತ್ತಾನೆ, ದೇವರ ವಿಷಯವನ್ನು ಅವಳೊಡನೆಯೇ ಮಾತಾಡುತ್ತಾನೆ. ‘ನಿನ್ನ ಕೈಯ ನೀರು ಕೊಡು’ ಎಂಬ ಮಾತಿಗೆ ನಮ್ಮ ದೇಶದಲ್ಲಿ ಎಷ್ಟು ತೂಕ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1883ರ ಸೆಪ್ಟೆಂಬರ್ 29ರಂದು ರಮಾಬಾಯಿ, ಎರಡೂವರೆ ವರ್ಷದ ಮನೋರಮಾ ಇಬ್ಬರಿಗೂ ದೀಕ್ಷಾಸ್ನಾನವಾಯಿತು. ಪುಣೆಯಲ್ಲಿ ಗುಲ್ಲೋ ಗುಲ್ಲು. ನಿನ್ನೆಯವರೆಗೆ ‘ಸರಸ್ವತಿ’ ಎಂದಿದ್ದವರು ಇಂದು ‘ಭ್ರಷ್ಟಳು’ ಎಂದರು.

ಇನ್ನು ಚರ್ಚು ಈಕೆಯನ್ನು ಹೂವಿನಂತೆ ನೋಡಿಕೊಂಡಿತೇ? ಅದೂ ಇಲ್ಲ. ಶಿಲುಬೆಯನ್ನು ಕೊರಳಿಗೆ ಹಾಕಿಕೊಳ್ಳಬೇಕು, ಅದರ ಮೇಲೆ ಲ್ಯಾಟಿನ್ ಬರಹ ಇತ್ತು. ನನ್ನ ಜನರಿಗೆ ಲ್ಯಾಟಿನ್ ಗೊತ್ತಿಲ್ಲ, ಬರೆಯುವುದಾದರೆ ಸಂಸ್ಕೃತದಲ್ಲಿ ಬರೆಯಿರಿ ಎಂದರು ರಮಾಬಾಯಿ. ಮಾಂಸ, ಮೊಟ್ಟೆ ಮುಟ್ಟಲಿಲ್ಲ. ಇಂಗ್ಲೆಂಡಿನ ಚಳಿಯಲ್ಲೂ ಸಸ್ಯಾಹಾರ ಬಿಡಲಿಲ್ಲ. ಇದು ಒಳಗಿನ ಅಹಂಕಾರ ಎಂದು ಆಕೆಯ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಬೇಸರಪಟ್ಟರು. ಚೆಲ್ಟ್‌ನ್ಯಾಂನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದಾಗ ಗಂಡಸರಿಗೂ ಪಾಠ ಹೇಳುವ ಮಾತು ಬಂತು. ಬಿಷಪ್‌ಗಳು ಕೂಡದು ಎಂದರು. ನಾನು ನನ್ನ ದೇಶದಲ್ಲಿ ಗಂಡಸರ ಸಭೆಗಳಲ್ಲೇ ಮಾತಾಡಿ ಬಂದವಳು, ನನ್ನ ಮನಸ್ಸಾಕ್ಷಿಗೆ ನಾನೇ ಹೊಣೆ ಎಂಬ ಧಾಟಿಯಲ್ಲಿ ರಮಾಬಾಯಿ ಉತ್ತರಿಸಿದರು. ಯೇಸುವಿನ ದೈವತ್ವ, ತ್ರಿತ್ವ ಎಂಬ ತತ್ವಗಳನ್ನು ಕೂಡ ಕಣ್ಣುಮುಚ್ಚಿ ನುಂಗಲಿಲ್ಲ. ಒಂದೊಂದನ್ನೂ ಪ್ರಶ್ನಿಸಿ ಪತ್ರ ಬರೆದರು. ಜೆರಾಲ್ಡಿನ್ ಆ ಪತ್ರಗಳನ್ನೆಲ್ಲ ಜೋಪಾನ ಮಾಡಿದ್ದರು. ಅವು 1977ರಲ್ಲಿ ಪುಸ್ತಕವಾಗಿ ಬಂದವು. ನನ್ನನ್ನು ಕೇಳಿದರೆ, ಭಾರತೀಯ ಹೆಣ್ಣೊಬ್ಬಳು ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಸಿದ ವಾದಗಳಲ್ಲಿ ಇಷ್ಟು ಗಟ್ಟಿಯಾದದ್ದು ಇನ್ನೊಂದು ಸಿಗುವುದು ಕಷ್ಟ.

1886ರಲ್ಲಿ ಫಿಲಡೆಲ್ಫಿಯಾದಲ್ಲಿ ಆನಂದಿಬಾಯಿ ಜೋಶಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲೆಂದು ಅಮೆರಿಕಕ್ಕೆ ಹೋದವರು ಅಲ್ಲಿಯೇ ಎರಡು ವರ್ಷದ ಮೇಲೆ ಸುತ್ತಾಡಿ, ಭಾರತದ ಮೇಲ್ಜಾತಿಯ ಹೆಂಗಸರ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಬೋಸ್ಟನ್ನಿನಲ್ಲಿ ‘ರಮಾಬಾಯಿ ಅಸೋಸಿಯೇಷನ್’ ಕಟ್ಟಿಸಿ, ಹತ್ತು ವರ್ಷದ ಧನಸಹಾಯದ ಭರವಸೆ ಪಡೆದು ಬಂದರು. 1889ರ ಮಾರ್ಚ್ 11ರಂದು ಮುಂಬೈಯಲ್ಲಿ ಬಾಲವಿಧವೆಯರಿಗಾಗಿ ‘ಶಾರದಾ ಸದನ’ ತೆರೆಯಿತು. ಅಲ್ಲಿ ಮೊದಲು ಸೇರಿದ ವಿಧವೆಯರಲ್ಲಿ ಗೋದೂಬಾಯಿ ಒಬ್ಬರು. ಅವರನ್ನು 1893ರಲ್ಲಿ ಮದುವೆಯಾದ ಧೋಂಡೋ ಕೇಶವ ಕರ್ವೆಯವರೇ ಮುಂದೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪಿಸಿದವರು. ಅದೇ ಇಂದಿನ ಎಸ್.ಎನ್.ಡಿ.ಟಿ. ಮುಂಬೈಯ ನಮ್ಮ ಎಷ್ಟೋ ಅಕ್ಕತಂಗಿಯರು ಅಲ್ಲಿ ಓದಿದ್ದಾರೆ!

ಶಾರದಾ ಸದನದಲ್ಲಿ ಧರ್ಮಬೋಧನೆ ಇಲ್ಲ ಎಂಬುದು ಒಪ್ಪಂದ. ನ್ಯಾಯಮೂರ್ತಿ ರಾನಡೆ, ಭಂಡಾರ್ಕರ್ ಅಂಥ ದೊಡ್ಡವರು ಸಲಹಾ ಸಮಿತಿಯಲ್ಲಿದ್ದರು. ಆದರೆ ರಮಾಬಾಯಿ ಬೆಳಗ್ಗೆ ಬಾಗಿಲು ತೆರೆದಿಟ್ಟು ಪ್ರಾರ್ಥನೆ ಮಾಡುತ್ತಿದ್ದರು, ಕೆಲವು ಹುಡುಗಿಯರು ತಾವಾಗಿ ಬಂದು ಕೂರುತ್ತಿದ್ದರು. ಸದನ ಆ ವೇಳೆಗೆ ಪುಣೆಗೆ ಬಂದಿತ್ತು. ಟಿಳಕರ ‘ಕೇಸರಿ’ ಹರಿಹಾಯಿತು. 1893ರಲ್ಲಿ ಸಲಹಾ ಸಮಿತಿಯವರು ರಾಜೀನಾಮೆ ಕೊಟ್ಟರು, ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ತಪ್ಪು ಯಾರದು? ಬಲವಂತ ಮಾಡಲಿಲ್ಲ ಎಂದು ರಮಾಬಾಯಿ ಹೇಳಿದ್ದು ಸುಳ್ಳಲ್ಲ. ಅನ್ನ, ಅಕ್ಷರ ಕೊಟ್ಟ ತಾಯಿಯಂಥವಳು ಬಾಗಿಲು ತೆರೆದಿಟ್ಟರೆ ಹನ್ನೆರಡರ ಹುಡುಗಿ ಒಳಗೆ ಬಾರದೆ ಇರುತ್ತಾಳೆಯೇ ಎಂದು ರಾನಡೆಯವರಂಥ ಗೆಳೆಯರು ಸಂಕಟಪಟ್ಟದ್ದೂ ಸುಳ್ಳಲ್ಲ. ಸೇವೆಯ ಜೊತೆ ಶ್ರದ್ಧೆ ಬೆರೆತಾಗ ಏಳುವ ಈ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಇಂದಿಗೂ ಸುಲಭದ ಉತ್ತರ ಇಲ್ಲ.

1896ರ ಕೊನೆಗೆ ಮಧ್ಯ ಪ್ರಾಂತಗಳಲ್ಲಿ ಬರ ಬಿತ್ತು. ಪುಣೆಯಲ್ಲಿ ಕುಳಿತಿದ್ದ ರಮಾಬಾಯಿ ಆಗ ಎಂಥ ಸ್ಥಿತಿಯಲ್ಲಿದ್ದರು ನೋಡಿ. ಸದನದಲ್ಲಿ ಇದ್ದದ್ದು ಸುಮಾರು ಐವತ್ತು ಹೆಣ್ಣುಮಕ್ಕಳು. ಬೋಸ್ಟನ್ನಿನ ಹಣ ಇದ್ದದ್ದು ಅಷ್ಟಕ್ಕೆ ಮಾತ್ರ. ಹತ್ತು ವರ್ಷದ ಗಡುವೂ ಮುಗಿಯುತ್ತ ಬಂದಿತ್ತು. ಮನೆಯಲ್ಲಿ ಕೂರಲು ಬೇಕಾದಷ್ಟು ಕಾರಣಗಳಿದ್ದವು. ಆದರೆ ಪತ್ರಿಕೆಗಳಲ್ಲಿ ಬರದ ಸುದ್ದಿ ಬಂದಾಗ ಕಣ್ಣಮುಂದೆ ನಿಂತದ್ದು ಆ ಹಳೆಯ ಕಾಡು, ಎಲೆ ತಿಂದ ದಿನಗಳು, ರೊಟ್ಟಿ ಬೇಡಲಾಗದೆ ಕಟ್ಟಿಹೋದ ಗಂಟಲು. ಎದ್ದು ಹೊರಟೇಬಿಟ್ಟರು.

ಅಲ್ಲಿ ಕಂಡದ್ದು ಹಸಿವನ್ನು ಮಾತ್ರವಲ್ಲ. ಪರಿಹಾರ ಕಾಮಗಾರಿಗಳಲ್ಲಿ, ಮರದ ನೆರಳಲ್ಲಿ ಅನಾಥವಾಗಿ ಬಿದ್ದಿದ್ದ ಹುಡುಗಿಯರ ಸುತ್ತ ದಲ್ಲಾಳಿಗಳು ಸುಳಿಯುತ್ತಿದ್ದರು. ಒಂದು ಹಿಡಿ ಕಾಳಿಗೆ ಹುಡುಗಿ ಮಾರಾಟವಾಗುತ್ತಿದ್ದ ಕಾಲ. ಫುಲ್‌ಹ್ಯಾಂನ ಮನೆಗೆ ಹೆಂಗಸರು ಯಾವ ದಾರಿಯಿಂದ ಬಂದಿದ್ದರೋ ಆ ದಾರಿಯ ಮೊದಲ ಹೆಜ್ಜೆ ಇಲ್ಲಿ ಕಣ್ಣೆದುರಿಗೇ ಇತ್ತು. ಕೈಲಾದಷ್ಟು ಮಕ್ಕಳನ್ನು ರೈಲು ಹತ್ತಿಸಿ ತಂಡತಂಡವಾಗಿ ಪುಣೆಗೆ ಕಳಿಸಿದರು. ಒಟ್ಟು ಸುಮಾರು 300 ಮಂದಿ. ಎಲುಬಿನ ಗೂಡು, ಮೈತುಂಬ ಹುಣ್ಣು, ತಲೆತುಂಬ ಹೇನು. ಕ್ಷಾಮದಲ್ಲಿ ಬೆಳೆದ ಮಗುವಿಗೆ ನಾಳೆಯೂ ಅನ್ನ ಸಿಗುತ್ತದೆ ಎಂಬ ನಂಬಿಕೆ ಬರುವುದಕ್ಕೇ ತಿಂಗಳುಗಳು ಬೇಕು.

ಅಷ್ಟರಲ್ಲಿ ಪುಣೆಗೆ ಪ್ಲೇಗ್ ಬಂತು. ಇಷ್ಟು ಜನರನ್ನು ಊರೊಳಗೆ ಇಟ್ಟುಕೊಳ್ಳಕೂಡದು ಎಂದು ಅಧಿಕಾರಿಗಳು ಹೇಳಿದರು. ಆಗ ನೆರವಿಗೆ ಬಂದದ್ದು ಕೇಡಗಾಂವ್‌ನ ಜಮೀನು. ಹಣ್ಣಿನ ತೋಟ ಬೆಳೆಸಿ ಸದನಕ್ಕೆ ಸ್ವಂತ ಆದಾಯ ಮಾಡಿಕೊಳ್ಳೋಣ ಎಂದು ಮೊದಲೇ ಕೊಂಡಿದ್ದ ಬಯಲು. ಅಲ್ಲಿ ಗುಡಿಸಲು ಹಾಕಿಸಿದರು, ಬಾವಿ ತೋಡಿಸಿದರು. ಇದೇ ಹೊತ್ತಿನಲ್ಲಿ, 1897ರಲ್ಲಿ, ಪುಣೆಯ ಸರ್ಕಾರಿ ಪ್ಲೇಗ್ ಆಸ್ಪತ್ರೆ ಮತ್ತು ಕ್ಯಾಂಪುಗಳಲ್ಲಿ ಹೆಂಗಸರನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ಖಂಡಿಸಿ ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಬರೆದರು. ಕ್ಯಾಂಪಿಗೆ ಒಯ್ದ ತಮ್ಮದೇ ಹುಡುಗಿಯೊಬ್ಬಳು ಏನಾದಳೆಂದು ಕೇಳಿದರು. ಸರ್ಕಾರ ಅದೆಲ್ಲ ನಿಜವಲ್ಲ ಎಂದಿತು. ನಾಲ್ಕು ವರ್ಷದ ಹಿಂದೆ ಈಕೆಯನ್ನು ಬೈದಿದ್ದ ‘ಕೇಸರಿ’ಯ ಬಳಗಕ್ಕೂ ಈ ಪತ್ರ ಉಪಯೋಗಕ್ಕೆ ಬಂತು. ಹಿಂದೂ ಸಮಾಜ, ಇಂಗ್ಲಿಷ್ ಚರ್ಚು, ಬ್ರಿಟಿಷ್ ಸರ್ಕಾರ, ಮೂವರಿಗೂ ಬೇಡವಾದ ಮಾತನ್ನು ಒಬ್ಬಳೇ ಹೆಂಗಸು ಆಡಿದ್ದಳು.

1900ರ ಗುಜರಾತಿನ ಬರ ಮತ್ತೆ ನೂರಾರು ಮಕ್ಕಳನ್ನು ತಂದಿತು. ಮುಕ್ತಿಯ ಜನಸಂಖ್ಯೆ ಎರಡು ಸಾವಿರದ ಹತ್ತಿರ ಹೋಯಿತು. ಎರಡು ಸಾವಿರ ಹೊಟ್ಟೆಗೆ ದಿನಾ ಎರಡು ಹೊತ್ತು! ಕಾಯಂ ನಿಧಿ ಎಂಬುದಿಲ್ಲ, ಬಂದ ಕಾಣಿಕೆಯಲ್ಲಿ ನಡೆಯಬೇಕು. ಹುಡುಗಿಯರೇ ಉತ್ತರು, ಬಿತ್ತರು, ಹಾಲು ಕರೆದರು, ಮಗ್ಗದಲ್ಲಿ ನೇಯ್ದರು, ಎಣ್ಣೆ ಗಾಣ ನಡೆಸಿದರು, ಅಚ್ಚುಮೊಳೆ ಜೋಡಿಸಿ ಪುಸ್ತಕ ಮುದ್ರಿಸಿದರು. ಬೀದಿಯಿಂದ ಬಂದವರಿಗೆ ‘ಕೃಪಾ ಸದನ’, ಮುದುಕಿಯರಿಗೆ ‘ಪ್ರೀತಿ ಸದನ’, ಕುರುಡರಿಗೆ ‘ಬಾರ್ತಿಮಿ ಸದನ’. ಯೇಸು ಕಣ್ಣು ಕೊಟ್ಟನೆಂದು ಸುವಾರ್ತೆ ಹೇಳುವ ಕುರುಡನ ಹೆಸರು ಬಾರ್ತಿಮಾಯ. ಈ ಸದನದಲ್ಲಿ ಬ್ರೈಲ್ ಕಲಿಸಿದವಳು ಮನೋರಮಾ.

ಶಾರದಾ ಸದನದಂತೆ ಮುಕ್ತಿ ಧರ್ಮದ ವಿಷಯದಲ್ಲಿ ತಟಸ್ಥವಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅದು ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆ. 1905ರಲ್ಲಿ ಅಲ್ಲಿ ನಡೆದ ಭಾವಾವೇಶದ ಪ್ರಾರ್ಥನೆಗಳು ದೇಶವಿದೇಶದ ಚರ್ಚುಗಳಲ್ಲಿ ಸುದ್ದಿಯಾದವು. ಸಾಯುವ ಮಗುವಿಗೆ ಅನ್ನದ ಜೊತೆ ಬಂದ ಧರ್ಮವನ್ನು ಆ ಮಗು ಆರಿಸಿಕೊಂಡಿತು ಎನ್ನಬಹುದೇ? ಇದನ್ನು ಕೇಳುವ ಹಕ್ಕು ನಮಗಿದೆ. ಆ ಮಕ್ಕಳನ್ನು ಆ ಚಳಿಗಾಲದಲ್ಲಿ ಎತ್ತಿಕೊಳ್ಳಲು ಬಂದ ಬೇರೆ ಕೈಗಳು ಎಷ್ಟಿದ್ದವು ಎಂದೂ ಜೊತೆಗೆ ಕೇಳಿಕೊಳ್ಳಬೇಕಾಗುತ್ತದೆ.

ಮನೋರಮಾಳ ಪಾಲಿನ ತ್ಯಾಗದ ಮಾತನ್ನು ಬಹಳ ಜನ ಆಡುವುದಿಲ್ಲ. ತಾಯಿ ಊರೂರು ತಿರುಗುವಾಗ ಆಕೆ ವಾಂಟೇಜ್‌ನ ಸಿಸ್ಟರ್‌ಗಳ ಮಡಿಲಲ್ಲಿ ಬೆಳೆದಳು. ಇಂಗ್ಲೆಂಡ್, ಅಮೆರಿಕಗಳಲ್ಲಿ ಓದಿದಳು, ಬಾಂಬೆ ವಿಶ್ವವಿದ್ಯಾಲಯದ ಪದವಿ ಪಡೆದಳು, ಮದುವೆಯಾಗಲಿಲ್ಲ. ತಾಯಿ ಆರಿಸಿಕೊಂಡ ಬದುಕನ್ನು ಮಗಳು ಬಳುವಳಿಯಾಗಿ ಹೊತ್ತಳು. ರಮಾಬಾಯಿ ನಿಜಾಮರ ಸೀಮೆಯ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಕ್ರೈಸ್ತ ಶಾಲೆಯೊಂದನ್ನು ತೆರೆದಾಗ ಅದನ್ನು ನಡೆಸಿದವಳೂ ಆಕೆಯೇ. ಘಟ್ಟದಿಂದ ಬೆತ್ತದ ಪೆಟ್ಟಿಗೆಯಲ್ಲಿ ಇಳಿದುಹೋದವರ ಕೆಲಸ ಹೀಗೆ ಐವತ್ತಕ್ಕೂ ಹೆಚ್ಚು ವರ್ಷದ ಮೇಲೆ ಕನ್ನಡದ ನೆಲಕ್ಕೆ ಮರಳಿ ಬಂದಿತ್ತು.

ಕೊನೆಯ ವರ್ಷಗಳಲ್ಲಿ ರಮಾಬಾಯಿ ಒಂದೇ ಕೆಲಸಕ್ಕೆ ಕುಳಿತರು. ಇಡೀ ಸತ್ಯವೇದವನ್ನು ಹೀಬ್ರೂ, ಗ್ರೀಕ್ ಮೂಲದಿಂದ ಮರಾಠಿಗೆ ತರುವುದು. ಮರಾಠಿ ಅನುವಾದ ಆಗಲೇ ಇತ್ತು. ಆದರೆ ಅದರ ಸಂಸ್ಕೃತಮಯ ಭಾಷೆ ತಮ್ಮ ಹೊಲದ ಹುಡುಗಿಯರಿಗೆ ತಿಳಿಯುವುದಿಲ್ಲ ಎಂಬುದು ಆಕೆಯ ದೂರು. ಸಂಸ್ಕೃತದಲ್ಲಿ ಕಲ್ಕತ್ತೆಯನ್ನೇ ಗೆದ್ದ ಪಂಡಿತೆ, ಮಾಗಿದ ವಯಸ್ಸಿನಲ್ಲಿ ಎರಡು ಹೊಸ ಭಾಷೆ ಕಲಿತು, ಸಂಸ್ಕೃತದ ಪದಗಳನ್ನು ಹುಡುಕಿ ಹುಡುಕಿ ತೆಗೆದುಹಾಕಿದರು! ಕಿವಿ ಪೂರ್ತಿ ಮಂದವಾಗಿತ್ತು, ಮೈಯಲ್ಲಿ ಶಕ್ತಿ ಇರಲಿಲ್ಲ. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಆ ಹೊತ್ತಿಗೂ ಆಕೆ ಇದೇ ಕೆಲಸದಲ್ಲಿ ಮುಳುಗಿದ್ದರು.

1921ರ ಜುಲೈನಲ್ಲಿ ನಲವತ್ತು ವರ್ಷದ ಮನೋರಮಾ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಎಲ್ಲರನ್ನೂ ಕಳಿಸಿಕೊಟ್ಟಿದ್ದ ರಮಾಬಾಯಿ ಮಗಳನ್ನೂ ಕಳಿಸಿಕೊಟ್ಟು ಮತ್ತೆ ಕರಡು ತಿದ್ದಲು ಕುಳಿತರು. 1922ರ ಏಪ್ರಿಲ್ 5ರಂದು ಕೇಡಗಾಂವ್‌ನಲ್ಲಿ ಕಣ್ಣುಮುಚ್ಚಿದರು. ತಿದ್ದುವ ಕೆಲಸ ಆಗಷ್ಟೇ ಮುಗಿದಿತ್ತು ಎಂದು ಅವರ ಜೊತೆಗಿದ್ದವರು ಹೇಳುತ್ತಿದ್ದರು. ಅಚ್ಚುಮೊಳೆ ಜೋಡಿಸಿ ಆ ಗ್ರಂಥವನ್ನು ಮುದ್ರಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಮುಕ್ತಿ ಮಿಷನ್ ಈಗಲೂ ಕೇಡಗಾಂವ್‌ನಲ್ಲಿದೆ. ಪುಣೆಯ ನಮ್ಮ ಓದುಗರು ದೌಂಡ್ ಕಡೆಯ ರೈಲು ಹತ್ತಿದರೆ ಅರ್ಧ ದಿನದಲ್ಲಿ ಹೋಗಿ ನೋಡಿಬರಬಹುದು.